ಮಿರಜಿನ ಶಕುಂತಲೆ: ಬಾಲಗಂಧರ್ವರಿಗೆ ಸಂದ ಮೆಚ್ಚುಗೆಯ ಚರಿತ್ರೆ

ಬಯಲಾಟ ಮುಗಿದ ಮರುದಿನ ನಮ್ಮ ಕಡೆಯ ಮನೆಗಳಲ್ಲಿ ಒಂದು ಚರ್ಚೆ ನಡೆಯುವುದುಂಟು. ಅಡಕೆ ಸುಲಿಯುತ್ತಲೋ ಚಹಾ ಕುಡಿಯುತ್ತಲೋ, ನಿನ್ನೆಯ ದ್ರೌಪದಿ ಹೇಗಾಯಿತು, ದಾಕ್ಷಾಯಿಣಿಯ ಮಾತು ಎಲ್ಲಿ ಏರಿತು, ಭಾಗವತರು ಯಾವ ಪದ್ಯವನ್ನು ಎತ್ತಿ ಕೊಟ್ಟರು ಎಂದು ಮಾತಾಡಿಕೊಳ್ಳುತ್ತೇವೆ. ಆ ಮಾತುಗಳಲ್ಲಿ ಒಳ್ಳೆಯ ವಿಮರ್ಶೆ ಇರುತ್ತದೆ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅದು ಮುಗಿದುಹೋಗುತ್ತದೆ. ಯಾರೂ ಬರೆದಿಡುವುದಿಲ್ಲ. ಹತ್ತು ವರ್ಷ ಕಳೆದ ಮೇಲೆ ಆ ವೇಷಧಾರಿಯ ಹೆಸರು ಉಳಿದರೆ ಉಳಿದೀತು, ಆತ ಏನು ಮಾಡಿದ ಎಂಬುದು ಉಳಿಯುವುದಿಲ್ಲ.

ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇಲ್ಲಿಂದ ಬಹುದೂರದ ಎರಡು ಊರುಗಳ ಕಡೆಗೆ ಓದುಗರನ್ನು ಕರೆದೊಯ್ಯಬೇಕೆಂದಿದ್ದೇನೆ. ಮಹಾರಾಷ್ಟ್ರದ ದಕ್ಷಿಣದ ಅಂಚಿನಲ್ಲಿ ಕೃಷ್ಣಾ ನದಿಯ ಆಸುಪಾಸಿನ ಸಾಂಗ್ಲಿ ಮತ್ತು ಮಿರಜ್ ಆ ಊರುಗಳು. ಎರಡೂ ಪಟವರ್ಧನ ಮನೆತನದವರು ಆಳಿದ ಸಂಸ್ಥಾನಗಳು. ನಮ್ಮ ಕಾಸರಗೋಡಿನಂತೆ ಆ ಜಿಲ್ಲೆಗೂ ಗಡಿಯ ಕಥೆ ಇದೆ. ಅಲ್ಲಿಯ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ. 1967ರ ಮಹಾಜನ ಆಯೋಗದ ವರದಿಯಲ್ಲಿ ನಮ್ಮ ಹೆಸರು ಬಂದಂತೆ ಅವರ ಹೆಸರೂ ಬಂದಿದೆ. ಆದರೆ ಇಲ್ಲಿ ಹೇಳಹೊರಟದ್ದು ಗಡಿರೇಖೆಯ ವಿಚಾರವಲ್ಲ. ಒಬ್ಬ ನಟನನ್ನು ಜನ ಹೇಗೆ ಮೆಚ್ಚಿಕೊಂಡರು, ಆ ಮೆಚ್ಚುಗೆ ಅವನಿಗೆ ಏನು ಕೊಟ್ಟಿತು, ಏನು ಕಸಿದುಕೊಂಡಿತು, ಅದರಿಂದ ನಾವು ಕಲಿಯಬೇಕಾದ್ದೇನು ಎಂಬುದೇ ಇಲ್ಲಿಯ ವಿಷಯ.

ಅರಸನ ಮೊದಲ ವಿಮರ್ಶೆ

ಮರಾಠಿ ರಂಗಭೂಮಿಯ ಚರಿತ್ರೆಯನ್ನು ಯಾರೇ ಬರೆಯಲಿ, ಸಾಂಗ್ಲಿಯಿಂದಲೇ ಆರಂಭಿಸುತ್ತಾರೆ. ಆ ಆರಂಭದ ಹಿಂದೆ ಕನ್ನಡದ ಒಂದು ಮೇಳವಿದೆ. 1842ರ ಸುಮಾರಿಗೆ ಉತ್ತರ ಕನ್ನಡದ ಕಡೆಯಿಂದ ಭಾಗವತರ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಗೆ ಹೋಗಿ ಅರಸ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರ ಮುಂದೆ ಆಟ ಆಡಿತು. ಅದು ಹೊನ್ನಾವರ ಸೀಮೆಯ ಕರ್ಕಿಯ ಮೇಳವೆಂದು ವಿದ್ವಾಂಸರು ಹೇಳುತ್ತಾರೆ. ಅರಸರಿಗೆ ಆಟ ಹಿಡಿಸಿತು. ಆದರೆ ಕೆಲವು ಭಾಗ ಒರಟೆನಿಸಿತು. ಇದನ್ನೇ ತಿದ್ದಿ ತೀಡಿ ಮರಾಠಿಯಲ್ಲಿ ಮಾಡಬಾರದೇಕೆ ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆ ಎಂಬ ತರುಣನಿಗೆ ಅಪ್ಪಣೆ ಮಾಡಿದರು. 1843ರ ನವೆಂಬರ್ 5ರಂದು ಸಾಂಗ್ಲಿಯ ಅರಮನೆಯಲ್ಲಿ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಇಂದಿಗೂ ಮಹಾರಾಷ್ಟ್ರದಲ್ಲಿ ಆ ದಿನವೇ ಮರಾಠಿ ರಂಗಭೂಮಿ ದಿನ.

ಆ ನಾಟಕದ ಕಟ್ಟಡವನ್ನು ನಮ್ಮವರು ನೋಡಿದರೆ ಕೂಡಲೇ ಗುರುತು ಹಿಡಿದಾರು. ಮೊದಲಿಗೆ ಗಣಪತಿಯ ಸ್ತುತಿ, ನವಿಲೇರಿ ಬರುವ ಸರಸ್ವತಿ, ನಡುವೆ ನಗಿಸಲು ವಿದೂಷಕ. ಸೂತ್ರಧಾರ ಪದ್ಯ ಹಾಡುವುದು, ಪಾತ್ರಧಾರಿಗಳು ಆ ಪದ್ಯದ ಎಳೆ ಹಿಡಿದು ತಮ್ಮ ಮಾತನ್ನು ತಾವೇ ಕಟ್ಟುವುದು. ಇದು ನಮ್ಮ ಭಾಗವತ ಮತ್ತು ಅರ್ಥಧಾರಿಯ ಸಂಬಂಧವಲ್ಲದೆ ಮತ್ತೇನು?

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಅರಸರ ಅಂದಿನ ಅಭಿಪ್ರಾಯವೇ ಈ ಚರಿತ್ರೆಯ ಮೊದಲ ವಿಮರ್ಶೆ. ಅದರಲ್ಲಿ ಮೆಚ್ಚುಗೆಯೂ ಇತ್ತು, ಆಕ್ಷೇಪವೂ ಇತ್ತು. ಆ ವಿಮರ್ಶೆಯಿಂದ ಒಂದು ಹೊಸ ರಂಗಭೂಮಿಯೇ ಹುಟ್ಟಿತು. ಆದರೆ ಅಂದು ಆಡಿದ ಕನ್ನಡ ಕಲಾವಿದರ ಗತಿಯೇನು? ಯಾರು ಸ್ತ್ರೀವೇಷ ಹಾಕಿದ್ದರು, ಯಾರ ಹಾಡಿಗೆ ಅರಸರು ತಲೆದೂಗಿದರು, ಅವರು ಆಡಿದ ಪ್ರಸಂಗವನ್ನು ಹೇಗೆ ನಡೆಸಿದರು ಎಂಬ ವಿವರ ಚರಿತ್ರೆಯ ಪುಟಕ್ಕೆ ಬರಲಿಲ್ಲ. ಭಾವೆಯವರ ಹೆಸರಿನಲ್ಲಿ ಸಾಂಗ್ಲಿಯಲ್ಲಿ ನಾಟ್ಯಮಂದಿರವಿದೆ, ಪದಕವಿದೆ. ಅವರಿಗೆ ದಾರಿ ತೋರಿಸಿದವರು ಬರೀ ‘ಕರ್ನಾಟಕದ ಭಾಗವತರು’ ಆಗಿ ಉಳಿದರು.

ಕೊಡು ಕೊಳ್ಳುವಿಕೆ

ಕೊಟ್ಟದ್ದು ಬೇರೆ ರೂಪದಲ್ಲಿ ತಿರುಗಿ ಬಂತು. ಭಾವೆಯವರ ಅನಂತರ ಮರಾಠಿ ನಾಟಕ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಬೀಡು ಬಿಡತೊಡಗಿದವು. ಕನ್ನಡ ಜನ ಹಣ ಕೊಟ್ಟು ಮರಾಠಿ ನಾಟಕ ನೋಡುವುದನ್ನು ಕಂಡು ನೊಂದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿ ‘ಉಷಾಹರಣ’ ಮೊದಲಾದ ನಾಟಕಗಳನ್ನು ಬರೆದರು. ಕನ್ನಡದ ಮೇಳವೊಂದು ಸಾಂಗ್ಲಿಯಲ್ಲಿ ಬಿತ್ತಿದ ಬೀಜ ಮರವಾಗಿ, ಅದರ ನೆರಳಿನ ಅಂಜಿಕೆಯಿಂದಲೇ ಕನ್ನಡ ವೃತ್ತಿರಂಗಭೂಮಿ ಎದ್ದು ನಿಂತಿತೆಂದರೆ ತಪ್ಪಾಗಲಾರದು.

ಇನ್ನೊಂದು ಕಡೆ, ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ಅವರ ‘ಸಂಗೀತ ಶಾಕುಂತಲ’ ಆರಂಭವಾಯಿತು. ಸೂತ್ರಧಾರ ಒಬ್ಬನೇ ಹಾಡುವ ಕ್ರಮ ಹೋಗಿ, ಪಾತ್ರಗಳೇ ಹಾಡುವ ಕ್ರಮ ಬಂತು. ಇದರಿಂದ ನಟನ ಕೆಲಸ ಎರಡು ಪಟ್ಟಾಯಿತು. ಹಾಡಬೇಕು, ಹಾಡುವಾಗ ಪಾತ್ರ ಬಿಡಬಾರದು. ಹೆಂಗಸರು ರಂಗವೇರದ ಆ ಕಾಲದಲ್ಲಿ ಶಕುಂತಲೆಯಾಗುವ ಹುಡುಗನಿಗಂತೂ ಕಂಠ, ರೂಪ, ಅಭಿನಯ ಮೂರೂ ಬೇಕು. ಭಾವೂರಾವ್ ಕೋಲ್ಹಟಕರ್ ಎಂಬ ನಟ ಈ ಮೂರನ್ನೂ ತುಂಬಿಕೊಟ್ಟಿದ್ದರು. 1901ರಲ್ಲಿ ಅವರು ತೀರಿಕೊಂಡಾಗ ಕಿರ್ಲೋಸ್ಕರ್ ಮಂಡಳಿಗೆ ದೊಡ್ಡ ಕೊರತೆ ಬಿತ್ತು.

1905, ಮಿರಜ್

ಆ ಕೊರತೆಯನ್ನು ತುಂಬಿದವರು ನಾರಾಯಣ ಶ್ರೀಪಾದ ರಾಜಹಂಸ. ಜನನ 1888ರ ಜೂನ್ 26. ಮನೆತನದ ಊರು ಸಾಂಗ್ಲಿ ಜಿಲ್ಲೆಯ ನಾಗಠಾಣೆ. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಪುಣೆಯಲ್ಲಿ ಅವರ ಹಾಡು ಕೇಳಿದ ಲೋಕಮಾನ್ಯ ತಿಲಕರು ‘ಬಾಲಗಂಧರ್ವ’ ಎಂದು ಕರೆದರು. ಆ ಹೆಸರು ಹುಡುಗ ಮುದುಕನಾದರೂ ಹೋಗಲಿಲ್ಲ. ಒಂದು ಮೆಚ್ಚುಗೆಯ ಮಾತೇ ಮನುಷ್ಯನ ಹೆಸರಾಗಿ ನಿಂತುಬಿಟ್ಟಿತು.

ಕೊಲ್ಹಾಪುರದ ಶಾಹೂ ಮಹಾರಾಜರ ಪ್ರೋತ್ಸಾಹವೂ ಸೇರಿ, 1905ರಲ್ಲಿ ನಾರಾಯಣರಾವ್ ಕಿರ್ಲೋಸ್ಕರ್ ಮಂಡಳಿ ಸೇರಿದರು. ಮಿರಜಿನಲ್ಲಿ ಹದಿನೇಳರ ಹರೆಯದಲ್ಲಿ ಶಕುಂತಲೆಯಾಗಿ ಮೊದಲ ಬಾರಿಗೆ ಬಣ್ಣ ಹಚ್ಚಿದರು. ಅವರನ್ನು ತಿದ್ದಿದವರಲ್ಲಿ ಮುಖ್ಯರು ಗೋವಿಂದ ಬಲ್ಲಾಳ ದೇವಲರು. ಅವರೂ ಸಾಂಗ್ಲಿಯ ಪಕ್ಕದಲ್ಲಿ, ಕೃಷ್ಣೆ ಮತ್ತು ವಾರಣೆ ಕೂಡುವ ಹರಿಪುರದವರು. ಬಾಲೆಯನ್ನು ಮುದುಕನಿಗೆ ಮದುವೆ ಮಾಡಿಕೊಡುವ ಅನ್ಯಾಯವನ್ನು ‘ಶಾರದಾ’ ನಾಟಕದಲ್ಲಿ ತೋರಿಸಿದವರು. ಮುಂದೆ ‘ಮಾನಾಪಮಾನ’, ‘ಸ್ವಯಂವರ’ಗಳನ್ನು ಬರೆದುಕೊಟ್ಟ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರೂ ಸಾಂಗ್ಲಿಯಲ್ಲಿ ಹುಟ್ಟಿದವರೇ. ಹೀಗೆ ನಟ, ಗುರು, ನಾಟಕಕಾರ ಮೂವರೂ ಒಂದೇ ಸೀಮೆಯವರಾದದ್ದು ಆಕಸ್ಮಿಕವಲ್ಲ. ಅರವತ್ತು ವರ್ಷಗಳಿಂದ ನಾಟಕ ನೋಡಿ, ಮಾತಾಡಿ, ತೂಗಿ ನೋಡುವ ಪ್ರೇಕ್ಷಕವರ್ಗ ಅಲ್ಲಿ ಬೆಳೆದಿತ್ತು.

ಮಿರಜ್ ಎಂದರೆ ಸಂಗೀತದ ಊರು ಕೂಡ. ತಂಬೂರಿ, ಸಿತಾರ್ ಮಾಡುವ ಮನೆತನಗಳು ಅಲ್ಲಿವೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದು, ಮಣ್ಣಾದದ್ದು ಅಲ್ಲಿಯೇ. ಅವರ ಶಿಷ್ಯರಾದ ಕುಂದಗೋಳದ ರಾಮಭಾವು, ಮರಾಠಿ ರಂಗದಲ್ಲಿ ಹಾಡಿ ‘ಸವಾಯಿ ಗಂಧರ್ವ’ ಎನಿಸಿಕೊಂಡರು. ಸವಾಯಿ ಎಂದರೆ ಒಂದೂಕಾಲು. ಆ ಬಿರುದಿನೊಳಗೆ ಬಾಲಗಂಧರ್ವರೊಡನೆ ಒಂದು ತೂಕದ ಹೋಲಿಕೆ ಅಡಗಿದೆ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ್ ಮಾಸ್ತರರ ಕನ್ನಡ ನಾಟಕ ಕಂಪೆನಿಯಲ್ಲಿದ್ದು, ಆಮೇಲೆ ಮಿರಜಿನ ನೀಲಕಂಠ ಬುವಾ ಅವರಲ್ಲಿ ಕಲಿತರು. ಕನ್ನಡಿಗರಿಗೆ ಆ ಊರು ಪರಸ್ಥಳವಾಗಿರಲಿಲ್ಲ.

ಏನನ್ನು ಮೆಚ್ಚಿದರು?

ಬಾಲಗಂಧರ್ವರ ಕುರಿತು ಬಂದ ಹೊಗಳಿಕೆಗೆ ಲೆಕ್ಕವಿಲ್ಲ. ಅದರಲ್ಲಿ ಬರೀ ಉದ್ಗಾರವೂ ಉಂಟು, ನಿಜವಾದ ವಿಮರ್ಶೆಯೂ ಉಂಟು. ಎರಡನೆಯದನ್ನು ಆಯ್ದು ನೋಡಿದರೆ ಮೂರು ಗುಣಗಳು ಮತ್ತೆ ಮತ್ತೆ ಕಾಣುತ್ತವೆ.

ಮೊದಲನೆಯದು ಹಾಡು ಮಾತಿನಿಂದ ಬೇರೆಯಾಗದಿದ್ದದ್ದು. ಅವರ ಸಂಗೀತದ ಹಿಂದೆ ಭಾಸ್ಕರಬುವಾ ಬಖಲೆಯವರಂಥ ಗುರುವಿದ್ದರು. ತಬಲಾಕ್ಕೆ ಅಹಮದ್ ಜಾನ್ ತಿರಕವಾ ಅವರಂಥವರು ಕೂರುತ್ತಿದ್ದರು. ಆದರೂ ರಾಗದ ಜಾಣ್ಮೆ ತೋರಿಸಲು ಅವರು ಪಾತ್ರವನ್ನು ಪಕ್ಕಕ್ಕೆ ಸರಿಸುತ್ತಿರಲಿಲ್ಲ. ಸಾಹಿತ್ಯದ ಒಂದೊಂದು ಅಕ್ಷರವೂ ಹಿಂದಿನ ಸಾಲಿನವರೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. 1916ರ ‘ಸ್ವಯಂವರ’ದ ರುಕ್ಮಿಣಿ ಇದಕ್ಕೆ ಮೇಲ್ಪಂಕ್ತಿ.

ಎರಡನೆಯದು ಸ್ತ್ರೀಪಾತ್ರದ ಘನತೆ. ಗಂಡು ಹೆಣ್ಣಾಗಿ ಬಂದಾಗ ಅತಿಯಾಗಿ ಬಳುಕಿ ನಗಿಸುವುದು ಸುಲಭ. ಅವರು ಆ ದಾರಿ ಹಿಡಿಯಲಿಲ್ಲ. ಸೆರಗು ಹೊದೆಯುವ ರೀತಿ, ಕತ್ತು ತಿರುಗಿಸುವ ರೀತಿ, ಮುಡಿದ ಮಲ್ಲಿಗೆ ಎಲ್ಲವೂ ಮರ್ಯಾದಸ್ಥ ಮನೆಯ ಹೆಣ್ಣುಮಗಳದ್ದು. ಅವರು ಉಟ್ಟಂತೆ ಸೀರೆ ಉಡಲು, ಮುಡಿದಂತೆ ಹೂ ಮುಡಿಯಲು ಮನೆಯ ಹೆಂಗಸರು ಕಲಿತರು. ಇದಕ್ಕಿಂತ ದೊಡ್ಡ ಪ್ರಶಂಸೆ ಬೇರೆ ಯಾವುದು? ಆದರೆ ಇದರೊಳಗೆ ಒಂದು ವಿಪರ್ಯಾಸವೂ ಇದೆ. ಯಾವ ಹೆಣ್ಣನ್ನು ರಂಗದಿಂದ ದೂರ ಇಟ್ಟರೋ, ಆ ಹೆಣ್ಣಿಗೆ ನಡೆ ನುಡಿ ಕಲಿಸುವವನು ರಂಗದ ಮೇಲಿನ ಗಂಡಸಾದ.

ಮೂರನೆಯದು ಬದಲಾಗುವ ಶಕ್ತಿ. 1911ರ ‘ಮಾನಾಪಮಾನ’ದಲ್ಲಿ ಸಿರಿವಂತಿಕೆಯ ಗರ್ವದ ಭಾಮಿನಿ. 1919ರಲ್ಲಿ ರಂಗಕ್ಕೆ ಬಂದ ರಾಮ ಗಣೇಶ ಗಡಕರಿಯವರ ‘ಏಕಚ್ ಪ್ಯಾಲಾ’ದಲ್ಲಿ ಕುಡುಕ ಗಂಡನ ಕೈಹಿಡಿದು ಬಡತನಕ್ಕೆ ಬಿದ್ದ ಸಿಂಧು. ರೇಷ್ಮೆ, ಒಡವೆ, ಅತ್ತರುಗಳಿಗೆ ಹೆಸರಾದ ನಟ ಬೀಸುವ ಕಲ್ಲಿನ ಮುಂದೆ ಕುಳಿತಾಗ ಜನ ಅತ್ತರು. ರೂಪವನ್ನಷ್ಟೇ ಹೊಗಳುತ್ತಿದ್ದವರೂ ಇದು ಅಭಿನಯ ಎಂದು ಒಪ್ಪಬೇಕಾಯಿತು.

1921ರ ಜುಲೈ 8ರಂದು ಮುಂಬಯಿಯಲ್ಲಿ ತಿಲಕ ಸ್ವರಾಜ್ಯ ನಿಧಿಗಾಗಿ ಎರಡು ಮಂಡಳಿಗಳು ಕೂಡಿ ‘ಮಾನಾಪಮಾನ’ ಆಡಿದವು. ಧೈರ್ಯಧರನಾಗಿ ಕೇಶವರಾವ್ ಭೋಸಲೆ, ಭಾಮಿನಿಯಾಗಿ ಬಾಲಗಂಧರ್ವ. ಭೋಸಲೆಯವರ ‘ಲಲಿತಕಲಾದರ್ಶ’ ಮಂಡಳಿ 1908ರಲ್ಲಿ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು.

ಹೊಗಳಿಕೆಯ ಭಾರ

‘ಮಾನಾಪಮಾನ’ದ ಮೊದಲ ಪ್ರಯೋಗ 1911ರ ಮಾರ್ಚ್ 12ರಂದು. ಅದೇ ದಿನ ಅವರ ಎಳೆಯ ಮಗಳು ತೀರಿಕೊಂಡಳು. ಆದರೂ ಅವರು ನಾಟಕ ನಿಲ್ಲಿಸದೆ ಬಣ್ಣ ಹಚ್ಚಿ ಹಾಡಿದರು. ಈ ಕಥೆಯನ್ನು ಕಲಾನಿಷ್ಠೆಯ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಹೇಳುವುದು ತಪ್ಪಲ್ಲ. ಆದರೆ ಆ ರಾತ್ರಿ ಮನೆಯಲ್ಲಿದ್ದ ತಾಯಿಯ ವಿಷಯ ಯಾರೂ ಬರೆಯುವುದಿಲ್ಲ. ಟಿಕೇಟು ಕೊಂಡ ಜನರ ಪ್ರೀತಿ ಒಬ್ಬ ತಂದೆಗೆ ಅಳಲೂ ಬಿಡುವು ಕೊಡಲಿಲ್ಲ ಎಂದೂ ಇದನ್ನು ಓದಬಹುದಲ್ಲವೇ?

1913ರಲ್ಲಿ ಗೋವಿಂದರಾವ್ ಟೇಂಬೆ, ಗಣಪತರಾವ್ ಬೋಡಸರೊಡನೆ ಸೇರಿ ‘ಗಂಧರ್ವ ನಾಟಕ ಮಂಡಳಿ’ ಕಟ್ಟಿದರು. ಪ್ರೇಕ್ಷಕರನ್ನು ದೇವರೆಂದು ತಿಳಿದ ಅವರು ದೇವರಿಗೆ ಸಲ್ಲುವಂತೆಯೇ ಖರ್ಚು ಮಾಡಿದರು. ಬೆಲೆಬಾಳುವ ಸೀರೆ, ಪರದೆ, ರಂಗಸಜ್ಜಿಕೆ, ದೊಡ್ಡ ಸಂಬಳದ ವಾದ್ಯಗಾರರು. ಮಂಡಳಿ ಸಾಲದಲ್ಲಿ ಮುಳುಗಿತು. ಮೆಚ್ಚಿದ ಜನ ‘ವನ್ಸ್ ಮೋರ್’ ಎಂದು ಕೂಗಿದಷ್ಟೂ ಅವರು ಹಾಡಿದರು. ನಾಟಕ ಬೆಳಗಿನ ಜಾವದವರೆಗೆ ಬೆಳೆಯುತ್ತಿತ್ತು. ಲೆಕ್ಕದ ಪುಸ್ತಕ ನೋಡುವವರು ಯಾರೂ ‘ವನ್ಸ್ ಮೋರ್’ ಕೂಗಲಿಲ್ಲ.

ಬೆಳ್ಳಿತೆರೆಯ ಮುಂದೆ

ಮಾತಾಡುವ ಚಿತ್ರಗಳು 1931ರಲ್ಲಿ ಬಂದ ಮೇಲೆ ನಾಟಕ ಮಂಡಳಿಗಳು ಒಂದೊಂದಾಗಿ ಕುಸಿದವು. ಬಾಲಗಂಧರ್ವರು ಪ್ರಭಾತ್ ಫಿಲ್ಮ್ ಕಂಪೆನಿಗೆ ಹೋದರು. ವಿ. ಶಾಂತಾರಾಮರ ನಿರ್ದೇಶನದಲ್ಲಿ ‘ಧರ್ಮಾತ್ಮಾ’ 1935ರಲ್ಲಿ ಬಂತು. ಮೊದಲು ಇಟ್ಟಿದ್ದ ‘ಮಹಾತ್ಮಾ’ ಎಂಬ ಹೆಸರನ್ನು ಗಾಂಧೀಜಿಯ ನೆನಪು ತರುತ್ತದೆಂದು ಸೆನ್ಸಾರಿನವರು ಒಪ್ಪದ್ದರಿಂದ ಬದಲಿಸಬೇಕಾಯಿತು. ಅಸ್ಪೃಶ್ಯರೆನಿಸಿದವರ ಜತೆ ಕೂತು ಉಂಡ ಸಂತ ಏಕನಾಥರ ಪಾತ್ರ ಅವರದ್ದು. ಇಲ್ಲಿ ಸೀರೆಯಿಲ್ಲ, ಒಡವೆಯಿಲ್ಲ. ನಲವತ್ತೇಳರ ಗಂಡಸಿನ ಪಾತ್ರ. ವಸ್ತು ಉದಾತ್ತವಾದದ್ದು. ಆದರೆ ಜನ ಹುಡುಕಿಕೊಂಡು ಹೋದದ್ದು ಭಾಮಿನಿಯನ್ನು, ರುಕ್ಮಿಣಿಯನ್ನು. ಪ್ರಭಾತ್‌ನೊಡನೆ ಅವರ ಸಂಬಂಧ ಒಂದೇ ಚಿತ್ರಕ್ಕೆ ಮುಗಿಯಿತು.

1937ರಲ್ಲಿ ಬಾಬುರಾವ್ ಪೇಂಟರರ ‘ಸಾಧ್ವೀ ಮೀರಾಬಾಯಿ’ಯಲ್ಲಿ ಅವರು ಮತ್ತೆ ಹೆಣ್ಣಾಗಿ ಬಂದರು. ಅದೂ ಗೆಲ್ಲಲಿಲ್ಲ. ಕಾರಣ ನಟನಲ್ಲಿ ಮಾತ್ರ ಇರಲಿಲ್ಲ. ರಂಗದ ಮೇಲೆ ಪ್ರೇಕ್ಷಕನಿಗೂ ನಟನಿಗೂ ನಡುವೆ ಒಂದು ದೂರವಿದೆ, ದೀಪದ ಬೆಳಕಿದೆ, ಒಂದು ಒಪ್ಪಂದವಿದೆ. ಇವನು ಗಂಡು ಎಂಬುದು ಗೊತ್ತಿದ್ದೂ ಇವಳು ರುಕ್ಮಿಣಿ ಎಂದು ಒಪ್ಪಿಕೊಳ್ಳುತ್ತೇವೆ. ಕ್ಯಾಮೆರಾಕ್ಕೆ ಆ ಒಪ್ಪಂದ ಗೊತ್ತಿಲ್ಲ. ಅದು ಮುಖದ ಹತ್ತಿರ ಬಂದು ನಲವತ್ತೊಂಬತ್ತು ವರ್ಷದ ಸುಕ್ಕನ್ನು ಎಣಿಸುತ್ತದೆ. ಹೆಂಗಸರೇ ಹೆಣ್ಣಿನ ಪಾತ್ರ ಮಾಡುವ ಕಾಲವೂ ಅಷ್ಟರಲ್ಲಿ ಬಂದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರಮಂದಿರದಲ್ಲಿ ‘ವನ್ಸ್ ಮೋರ್’ ಎಂದರೆ ಕೇಳುವವರಿಲ್ಲ. ಪ್ರೇಕ್ಷಕರ ಉಸಿರು ತಾಗಿ ಅರಳುತ್ತಿದ್ದ ಕಲೆ, ಯಂತ್ರದ ಮುಂದೆ ಒಂಟಿಯಾಯಿತು.

ಅವರು ರಂಗಕ್ಕೆ ಮರಳಿದರು. ವಯಸ್ಸು ಕಳೆದ ಮೇಲೂ ಸ್ತ್ರೀವೇಷ ಬಿಡಲಿಲ್ಲವೆಂಬ ಟೀಕೆ ಬಂತು. ಆದರೆ ಸ್ತ್ರೀವೇಷಕ್ಕೇ ಅವರನ್ನು ಕಟ್ಟಿಹಾಕಿದ್ದು ಅದೇ ಜನರ ಹೊಗಳಿಕೆ. ಮುಂದೆ ಅವರ ಕಂಪೆನಿಯಲ್ಲಿ ಸ್ತ್ರೀಪಾತ್ರ ವಹಿಸಿದವರು ಬಿಜಾಪುರ ಸೀಮೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಹಿಂದಿ ಚಿತ್ರಗಳಲ್ಲಿ ಹಾಡಿ ಹೆಸರಾದ ಅಮೀರಬಾಯಿಯ ಸೋದರಿ. ಕನ್ನಡ ನೆಲದ ಈ ಕಲಾವಿದೆ ಕಷ್ಟದ ವರ್ಷಗಳಲ್ಲಿ ಅವರ ಜತೆಗಿದ್ದರು. ಆಕೆಗೆ ಸಂದದ್ದು ಬಹುಮಟ್ಟಿಗೆ ನಿಂದೆ. ಆಕೆಯ ಗಾಯನದ, ಅಭಿನಯದ ತೂಕವನ್ನು ನೋಡಿ ಬರೆದವರು ವಿರಳ. 1842ರ ಭಾಗವತರಂತೆಯೇ ಈಕೆಯೂ ಬೇರೊಬ್ಬರ ಕಥೆಯ ಅಂಚಿನಲ್ಲಿ ಉಳಿದಳು.

ಬಾಲಗಂಧರ್ವರಿಗೆ 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಬಂದವು. 1967ರ ಜುಲೈ 15ರಂದು ಅವರು ತೀರಿಕೊಂಡರು. ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ತೆರೆಯಿತು. ಮಿರಜಿನಲ್ಲೂ ಅವರ ಹೆಸರಿನ ನಾಟ್ಯಗೃಹವಿದೆ. 2011ರಲ್ಲಿ ಅವರ ಬದುಕೇ ಒಂದು ಮರಾಠಿ ಚಲನಚಿತ್ರವಾಯಿತು.

ನಮ್ಮ ಪಾಲಿಗೆ

ರಂಗದ ಮೇಲಿನ ಆ ಭಾಮಿನಿಯನ್ನು ಇಂದು ನಾವು ನೋಡುವಂತಿಲ್ಲ. ಗ್ರಾಮಫೋನ್ ತಟ್ಟೆಗಳಲ್ಲಿ ಮೂರು ಮೂರು ನಿಮಿಷದ ಹಾಡು ಉಳಿದಿದೆ, ಅಷ್ಟೆ. ಆದರೂ ಅವರು ಸೆರಗನ್ನು ಹೇಗೆ ಹೊದೆದರು ಎಂಬುದು ನಮಗೆ ಗೊತ್ತು. ಏಕೆಂದರೆ ನೋಡಿದವರು ಬರೆದರು. ಬೋಡಸರು ‘ಮಾಝೀ ಭೂಮಿಕಾ’ದಲ್ಲಿ, ಟೇಂಬೆಯವರು ‘ಮಾಝಾ ಜೀವನವಿಹಾರ’ದಲ್ಲಿ ಆ ಕಾಲದ ರಂಗವನ್ನು ಬರೆದಿಟ್ಟರು. ಪು. ಲ. ದೇಶಪಾಂಡೆಯವರಂಥ ರಸಿಕರು ಮುಂದಿನ ತಲೆಮಾರಿಗೆ ದಾಟಿಸಿದರು.

ಮಲಯಾಳಂ ಓದುಗರಿಗೂ ಈ ಮಾತು ಹೊಸದಲ್ಲ. ‘ಕರುಣ’ ನಾಟಕದಲ್ಲಿ ವಾಸವದತ್ತೆಯಾಗಿ ಕೇರಳವನ್ನು ಮರುಳು ಮಾಡಿದ ಓಚ್ಚಿರ ವೇಲುಕುಟ್ಟಿ, ಕಥಕ್ಕಳಿಯ ಸ್ತ್ರೀವೇಷಕ್ಕೆ ಹೊಸ ಗೌರವ ತಂದ ಕೋಟ್ಟಕ್ಕಲ್ ಶಿವರಾಮನ್ ಅದೇ ಸಾಲಿನವರು. ಬೆಳಗಾವಿ ಸೀಮೆಯ ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಆರಂಭಿಸಿ ಬಸವೇಶ್ವರನ ಪಾತ್ರದವರೆಗೆ ನಡೆದು 2017ರಲ್ಲಿ ನೂರು ದಾಟಿದ ಬಾಳನ್ನು ಮುಗಿಸಿದರು. ನಮ್ಮ ನೆರೆಯ ಕೋಳ್ಯೂರು ರಾಮಚಂದ್ರ ರಾಯರ ದ್ರೌಪದಿ, ದಾಕ್ಷಾಯಿಣಿಯರನ್ನು ಕಂಡವರು ನಮ್ಮಲ್ಲಿ ಎಷ್ಟೋ ಮಂದಿ. ಶೇಣಿಯವರ, ಕುಂಬಳೆ ಸುಂದರ ರಾಯರ ಮಾತನ್ನು ಕೇಳಿದ ಕಿವಿಗಳು ನಮ್ಮ ಮನೆಗಳಲ್ಲೇ ಇವೆ. ಹೆಸರಾದವರ ಬಗ್ಗೆ ಪುಸ್ತಕಗಳು ಬಂದಿವೆ. ಆದರೆ ಪಾರ್ತಿಸುಬ್ಬನ ಈ ನೆಲದಲ್ಲಿ ಅವರ ಪಕ್ಕದಲ್ಲಿ ನಿಂತು ಆಡಿದ ನೂರಾರು ವೇಷಧಾರಿಗಳ ಕಥೆ ಇನ್ನೂ ಮಾತಿನಲ್ಲೇ ಇದೆ. ಹೇಳುವವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ಅಲ್ಪಸಂಖ್ಯಾತರಾದ ನಮಗೆ ಶಾಲೆ ಬೇಕು, ಪಾಠಪುಸ್ತಕ ಬೇಕು, ಕಚೇರಿಯಲ್ಲಿ ಕನ್ನಡದ ಅರ್ಜಿ ನಡೆಯಬೇಕು. ಅವನ್ನು ಕೇಳುತ್ತಲೇ ಇರಬೇಕು. ಆದರೆ ಒಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ. ಮನೆಯ ಹಿರಿಯರ ಬಳಿ ಕುಳಿತು, ಯಾವ ಊರಿನ ಗದ್ದೆಯಲ್ಲಿ, ಯಾವ ವರ್ಷ, ಯಾರು ಯಾವ ವೇಷ ಮಾಡಿದರು, ಅದರಲ್ಲಿ ಏನು ಚೆನ್ನಾಗಿತ್ತು ಎಂದು ಒಂದು ನೋಟುಪುಸ್ತಕದಲ್ಲಿ ಬರೆಯಬಹುದು. ಏನು ಚೆನ್ನಾಗಿರಲಿಲ್ಲ ಎಂಬುದನ್ನೂ ಬರೆಯಬೇಕು. ಬರೀ ಹೊಗಳಿಕೆ ಕಲಾವಿದನಿಗೆ ಏನು ಮಾಡೀತೆಂಬುದನ್ನು ಬಾಲಗಂಧರ್ವರ ಬಾಳು ತೋರಿಸಿದೆ. ಬರೆಯದ ಮೆಚ್ಚುಗೆ ಏನಾಗುತ್ತದೆಂಬುದನ್ನು ಸಾಂಗ್ಲಿಗೆ ಹೋದ ನಮ್ಮ ಭಾಗವತರು ತೋರಿಸಿದ್ದಾರೆ. ಅರಸರೇ ಮೆಚ್ಚಿದ ಆ ಕಲಾವಿದರಲ್ಲಿ ಒಬ್ಬನ ವೇಷದ ವಿವರವಾದರೂ ಒಂದು ಸಾಲಿನಲ್ಲಿ ಉಳಿದಿದ್ದರೆ, ಮಿರಜಿನ ಶಕುಂತಲೆಯ ಕಥೆಯನ್ನು ನಾವು ಅವನಿಂದಲೇ ಆರಂಭಿಸಬಹುದಿತ್ತು.